ಅಳು ತೋರಿಸುವ ನಿಯಾನ್ ಟ್ಯೂಬು

ನನ್ನ ಹೆಂಡತಿಗೆ ಕಿವಿ ಕೇಳುವುದಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಬಂದ ಜ್ವರವೊಂದು ಹದಿನೈದು ದಿನ ಕಾಡಿ, ಹೋಗುವಾಗ ಅವಳ ಎರಡೂ ಕಿವಿಗಳನ್ನು ಕೆಡಿಸಿ ಹೋಯಿತು. ಅಷ್ಟರಲ್ಲಿ ಮಾತು ಕಲಿತಿದ್ದರಿಂದ ಮಾತು ಉಳಿಯಿತು. ಎದುರಿಗಿದ್ದವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ತಾನಾಗಿಯೇ ಕಲಿತಳು. ಮದುವೆಯಾದ ಹೊಸದರಲ್ಲಿ ನಾನು ಮರೆತು ಬೆನ್ನು ತಿರುಗಿಸಿ ಮಾತಾಡಿದರೆ, ಅಂಗಿ ಹಿಡಿದು ನನ್ನನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಳು. ಕರೆಂಟು ಹೋದಾಗ ಮಾತ್ರ ಕಷ್ಟ. ನಾನು ಟಾರ್ಚನ್ನು ಗದ್ದದ ಕೆಳಗೆ ಹಿಡಿದುಕೊಂಡು ಮಾತಾಡಬೇಕಾಗುತ್ತಿತ್ತು. ಅವಳಿಗೆ ನಗು ಬರುತ್ತಿತ್ತು. ನನಗೆ ಮಾತ್ರ ಟಾರ್ಚ್ ಆರಿದ ಮರುಗಳಿಗೆ ಅವಳು ಯಾವುದೋ ಬಾವಿಯ ತಳಕ್ಕೆ ಇಳಿದುಹೋದಳೇನೋ ಅನ್ನಿಸುತ್ತಿತ್ತು.

ತೊಂಬತ್ತರ ದಶಕದ ನಡುಭಾಗದಲ್ಲಿ ನಾವು ಹಿನಕಲ್‌ನಲ್ಲಿ ಬಾಡಿಗೆಗಿದ್ದೆವು. ಆಗಿನ್ನೂ ಅದು ಅರ್ಧ ಹಳ್ಳಿಯೇ. ಹುಣಸೂರು ರಸ್ತೆಯಲ್ಲಿ ಇಳಿದು ಹತ್ತು ನಿಮಿಷ ನಡೆದರೆ, ಬಡಾವಣೆಯೆಂದು ಕಲ್ಲು ನೆಟ್ಟ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಮನೆ. ನಮ್ಮದು ಕೊನೆಯದು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಯಾರೂ ಇರಲಿಲ್ಲ. ನನಗೆ ಕಡಕೊಳದ ಒಂದು ಕಾರ್ಖಾನೆಯಲ್ಲಿ ಕೆಲಸ. ಬಾಯ್ಲರಿನ ಒತ್ತಡ, ಶಾಖ, ನೀರಿನ ಮಟ್ಟ ಇವನ್ನೆಲ್ಲ ಅಳೆಯುವ ಮೀಟರುಗಳು ಸರಿಯಾಗಿವೆಯೇ ಎಂದು ನೋಡಿಕೊಳ್ಳುವವನು ನಾನು.

ಮಗಳು ಹುಟ್ಟಿದಳು. ಹೆಂಡತಿಗೆ ತಾಯಿ ಇರಲಿಲ್ಲವಾದ್ದರಿಂದ ಬಾಣಂತನಕ್ಕೆ ನನ್ನ ಅಮ್ಮನೇ ಬಂದಳು. ಐದು ತಿಂಗಳು ಎಲ್ಲವೂ ಸಲೀಸಾಗಿ ನಡೆಯಿತು. ಮಗು ಅತ್ತರೆ ಅಮ್ಮ ಹೋಗಿ ಸೊಸೆಯ ಹೆಗಲು ತಟ್ಟುತ್ತಿದ್ದಳು. ಆಮೇಲೆ ಒಂದು ಭಾನುವಾರ ಅಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತಾ, ‘ಇನ್ನು ನಾನು ಹೊರಡ್ಬೇಕು ಕಣೋ. ನಿನ್ ತಂಗೀಗೆ ದಿನ ತುಂಬ್ತಾ ಬಂತು’ ಅಂದಳು. ಸ್ವಲ್ಪ ತಡೆದು, ‘ನೀನು ಕೆಲ್ಸಕ್ಕೆ ಹೋಗ್ಬುಡ್ತೀಯ. ಇವ್ಳು ಅಡ್ಗೆಮನೇಲಿ ಇರ್ತಾಳೆ. ಮಗು ಅತ್ರೆ ಎಂಗೋ ಗೊತ್ತಾಗೋದು?’ ಎಂದು ಕೇಳಿದಳು.

ಆ ಪ್ರಶ್ನೆ ನನಗೆ ಹೊಸದೇನಲ್ಲ. ಮಗು ಹೊಟ್ಟೆಯಲ್ಲಿದ್ದಾಗಿನಿಂದ ದಿನವೂ ಫ್ಯಾಕ್ಟರಿ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬರುತ್ತಿತ್ತು.

ಮೊದಲು ನಾನು ಯೋಚಿಸಿದ್ದು ಸುಲಭದ ಉಪಾಯ. ಜೋಲಿಯ ಮೇಲೆ ಒಂದು ಮೈಕು, ಮಗು ಅತ್ತರೆ ಅಡುಗೆಮನೆಯಲ್ಲಿ ಬಲ್ಬು ಹತ್ತಬೇಕು, ಅಷ್ಟೇ. ಹೆಂಡತಿ ಕೇಳಿಸಿಕೊಂಡು, ಅಂದರೆ ನನ್ನ ತುಟಿ ನೋಡಿಕೊಂಡು, ತಲೆಯಾಡಿಸಿದಳು.

‘ಬಲ್ಬ್ ಬೇಡ ರೀ. ಬಲ್ಬ್ ಹತ್ತಿದ್ರೆ ಏನ್ ಗೊತ್ತಾಗತ್ತೆ? ಸುಮ್ನೆ ಮುಲುಕ್ತಿದ್ಯೋ, ಹಸಿವಿಗೆ ಅಳ್ತಿದ್ಯೋ, ಕಿರುಚ್ತಿದ್ಯೋ? ನಿಮಗೆಲ್ಲ ಗೊತ್ತಾಗತ್ತಲ್ಲ, ನನಗೂ ಅದು ಗೊತ್ತಾಗ್ಬೇಕು.’

ಆ ಮಾತಿಗೆ ನನ್ನ ಬಳಿ ಉತ್ತರವಿತ್ತು. ಕಾರ್ಖಾನೆಯ ಗುಜರಿ ಕೋಣೆಯಲ್ಲಿ ರಷ್ಯಾದ ಹಳೆಯ ಯಂತ್ರವೊಂದು ಬಿದ್ದಿತ್ತು. ಅದರ ಮುಖದಲ್ಲಿ ಮೂರು ಗಾಜಿನ ಟ್ಯೂಬುಗಳಿದ್ದವು. ಒಂದು ಗೇಣುದ್ದ, ಪೆನ್ಸಿಲ್ಲಿಗಿಂತ ತುಸು ದಪ್ಪ, ಒಳಗೆ ಉದ್ದಕ್ಕೂ ಒಂದು ತಂತಿ, ಸುತ್ತ ನಿಯಾನ್ ಅನಿಲ. ಸ್ವಲ್ಪ ಕರೆಂಟು ಹರಿಸಿದರೆ ಬುಡದಲ್ಲಿ ಕೆಂಡದಂಥ ಕಿತ್ತಳೆ ಬೆಳಕು. ಹೆಚ್ಚಿಸುತ್ತ ಹೋದರೆ ಆ ಬೆಳಕು ಥರ್ಮಾಮೀಟರಿನ ಪಾದರಸದಂತೆ ಮೇಲೇರುತ್ತದೆ. ಮಗುವಿನ ದನಿ ಎಷ್ಟು ಜೋರೋ ಬೆಳಕು ಅಷ್ಟೆತ್ತರ. ನಮ್ಮ ಮೇಲ್ವಿಚಾರಕರನ್ನು ಕೇಳಿದೆ. ‘ತಗೊಂಡೋಗಯ್ಯಾ, ಅದ್ಯಾವ ಕೆಲ್ಸಕ್ಕೆ ಬರತ್ತೆ’ ಅಂದರು. ಮೂರನ್ನೂ ಬಟ್ಟೆಯಲ್ಲಿ ಸುತ್ತಿ, ಊಟದ ಡಬ್ಬಿಯೊಳಗಿಟ್ಟು ಮನೆಗೆ ತಂದೆ.

ತೊಡಕು ಇದ್ದದ್ದು ಅದರ ಹಸಿವಿನಲ್ಲಿ. ಕರೆಂಟು ಕುಡಿಯುವುದು ಚೂರೇ ಚೂರು, ಆದರೆ ಹೊತ್ತಿಕೊಳ್ಳಲು ನೂರೈವತ್ತಕ್ಕೂ ಮೇಲೆ ವೋಲ್ಟು ಬೇಕು. ಮನೆಯ ಕರೆಂಟನ್ನು ನೆಚ್ಚುವಂತಿರಲಿಲ್ಲ. ಹಿನಕಲ್ ಕಡೆ ಅದು ಯಾವಾಗ ಹೋಗುತ್ತಿತ್ತೋ ಯಾವಾಗ ಬರುತ್ತಿತ್ತೋ. ಅದು ಹೋದ ಹೊತ್ತಿನಲ್ಲೇ ಹೆಂಡತಿಗೆ ಈ ಟ್ಯೂಬು ಹೆಚ್ಚು ಬೇಕಾಗಿದ್ದದ್ದು. ಹಾಗಾಗಿ ಕರೆಂಟಿದ್ದಾಗ ಚಾರ್ಜ್ ಆಗುತ್ತಿರುವ, ಸ್ಕೂಟರಿನ ಹನ್ನೆರಡು ವೋಲ್ಟಿನ ಬ್ಯಾಟರಿಯೊಂದರಿಂದಲೇ ಇನ್ನೂರು ವೋಲ್ಟು ಮಾಡಬೇಕೆಂದು ನಿರ್ಧರಿಸಿದೆ. ವೋಲ್ಟು ಇಳಿಸುವ ಟ್ರಾನ್ಸ್‌ಫಾರ್ಮರನ್ನು ಹಿಂದುಮುಂದಾಗಿ ಜೋಡಿಸಿ, ಎರಡು ಟ್ರಾನ್ಸಿಸ್ಟರುಗಳಿಂದ ಅದನ್ನು ಬಡಿದೆಬ್ಬಿಸುವುದು. ಹವ್ಯಾಸಿಗಳೆಲ್ಲ ಮಾಡುವ ಕಸರತ್ತೇ ಅದು.

ಶಿವರಾಂಪೇಟೆಯಲ್ಲಿ ರೇಡಿಯೋ ಬಿಡಿಭಾಗ ಮಾರುವ ಒಬ್ಬ ಹಿರಿಯರಿದ್ದರು. ನನ್ನ ಚೀಟಿ ಓದುತ್ತಾ ಕನ್ನಡಕದ ಮೇಲಿನಿಂದ ನೋಡಿದರು.

‘ಏನ್ ಮಾಡ್ತಿದ್ದೀರಿ ಸಾರ್? ಇನ್ನೂರ್ ವೋಲ್ಟು ಅಂತೀರಾ, ಹಸುಗೂಸು ಅಂತೀರಾ. ಅವೆರಡೂ ಒಂದೇ ಮಾತಲ್ಲಿ ಬರ್ಬಾರ್ದು ಕಣ್ರೀ.’

‘ಮೈಕಿನ ಕಡೆ ಬರೀ ಒಂಬತ್ತು ವೋಲ್ಟು ಸ್ವಾಮಿ. ಟ್ಯೂಬು ಗೋಡೆ ಮೇಲೆ, ಎತ್ತರದಲ್ಲಿರತ್ತೆ’ ಅಂದೆ.

‘ಆಗ್ಲಿ. ಕೆಪಾಸಿಟರ್‌ಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಹಾಕಿ, ಮರೀಬೇಡಿ. ಅದಿಲ್ದಿದ್ರೆ ಸ್ವಿಚ್ ಆರ್ಸಿದ್ ಮೇಲೂ ಕೆಪಾಸಿಟರ್ ಕರೆಂಟ್ ಹಿಡ್ಕೊಂಡೇ ಇರತ್ತೆ.’

ಮರೆಯಲಿಲ್ಲ. ಆಮೇಲೆ ಹಾಕಿದರಾಯಿತು ಎಂದುಕೊಂಡೆ. ಒಂದು ಭಾನುವಾರ ಮಧ್ಯಾಹ್ನ ಚಾಪೆಯ ಮೇಲೆ ಎಲ್ಲ ಹರಡಿಕೊಂಡು ಕೂತಿದ್ದೆ. ಬ್ಯಾಟರಿ ಬಿಚ್ಚಿ ಊಟ ಮಾಡಿ ಬಂದಿದ್ದೆ. ತಂತಿಯೊಂದನ್ನು ಸರಿಸಲು ಬೆರಳಿಟ್ಟೆ. ಯಾರೋ ಒನಕೆಯಿಂದ ಮೊಣಕೈಗೆ ಹೊಡೆದಂತಾಯಿತು. ನನ್ನ ಕೈ ನನ್ನ ಮಾತು ಕೇಳದೆ ಹಾರಿ ಬೀರುವಿಗೆ ಬಡಿಯಿತು, ತಂತಿ ಬೆಸೆಯಲು ಕಾಯಿಸಿಟ್ಟಿದ್ದ ಸೋಲ್ಡರಿಂಗ್ ಕಡ್ಡಿ ಸಿಡಿದು ನೆಲಕ್ಕೆ ಬಿತ್ತು. ಅದು ಬಿದ್ದ ಜಾಗದಿಂದ ಒಂದು ಮೊಳ ಆಚೆಗೆ ಮಗಳು ಮಗುಚಿಕೊಂಡು, ನನ್ನ ಕಡೆಗೆ ತಲೆಯೆತ್ತಿ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು. ಅವಳು ಆಗಷ್ಟೇ ತೆವಳಲು ಕಲಿಯುತ್ತಿದ್ದಳು.

ನಾನು ಅವಳನ್ನು ಎತ್ತಿಕೊಂಡೆ. ನೋವು ಐದು ನಿಮಿಷಕ್ಕೆ ಹೋಯಿತು. ಅವಳ ಬೆರಳು ಅಲ್ಲಿರಬಹುದಿತ್ತು ಎಂಬ ಯೋಚನೆ ಹೋಗಲಿಲ್ಲ. ಅವತ್ತೇ ರೆಸಿಸ್ಟರ್ ಹಾಕಿದೆ. ಮಾರನೆಯ ದಿನ ಬಡಗಿಯ ಹತ್ತಿರ ಹೋಗಿ ದಪ್ಪ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿ, ಮುಂದೆ ಗಾಜು ಕೂರಿಸಿ, ಎಲ್ಲವನ್ನೂ ಅದರೊಳಗೆ ಮುಚ್ಚಿ ಮೊಳೆ ಹೊಡೆದೆ. ನನ್ನ ಕೈ ನಿಲುಕುವಷ್ಟು ಎತ್ತರದಲ್ಲಿ ಗೋಡೆಗೆ ತಗಲುಹಾಕಿದೆ. ಮಗು ಮಲಗುವ ಕೋಣೆಯಲ್ಲಿ, ಅಡುಗೆಮನೆಯಿಂದ ನೇರವಾಗಿ ಕಾಣುವ ಗೋಡೆ ಅದು.

ಅಮ್ಮ ಊರಿಗೆ ಹೊರಡುವ ಮುಂಚಿನ ವಾರ ಅದು ಕೆಲಸ ಶುರುಮಾಡಿತು. ಮಗಳು ಮುಲುಕಿದರೆ ಬುಡದಲ್ಲಿ ಒಂದು ಬೆರಳಷ್ಟು ಬೆಳಕು. ಅತ್ತರೆ ಅರ್ಧ. ಕಿರುಚಿದರೆ ತುದಿಯವರೆಗೆ. ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಸೆರಗಿಗೆ ಕೈ ಒರೆಸಿಕೊಳ್ಳುವುದನ್ನೂ ಮರೆತು ನೋಡಿದಳು. ‘ಇಷ್ಟು ಜೋರಾಗಿ ಅಳ್ತಾಳಾ ಇವ್ಳು!’ ಅಂದಳು. ಮಗಳ ದನಿಯನ್ನು ಅವಳು ಮೊದಲ ಸಲ ಕಂಡದ್ದು ಆಗ. ಅಮ್ಮನಿಗೆ ಮಾತ್ರ ಅದು ಹಿಡಿಸಲಿಲ್ಲ. ‘ಮಕ್ಳನ್ನ ನೋಡೋಕೆ ಕಣ್ಣು ಕೊಟ್ಟವ್ನೆ ಭಗವಂತ. ಗಾಜು ನಂಬ್ಕೊಂಡು ಕೂತ್ಕೋಬೇಡಿ’ ಎಂದು ಹೇಳಿ ಬಸ್ಸು ಹತ್ತಿದಳು.

ಎರಡು ತಿಂಗಳು ಅದು ಒಂದು ದಿನವೂ ತಪ್ಪಲಿಲ್ಲ. ನಾನು ಬಸ್ಸಿನಲ್ಲಿ ನಿದ್ದೆ ಮಾಡುವಂತಾದೆ.

ಚಳಿಗಾಲದ ಒಂದು ದಿನ ಫ್ಯಾಕ್ಟರಿ ಬಸ್ಸು ಚಕ್ರ ಕೆಟ್ಟು ದಾರಿಯಲ್ಲಿ ನಿಂತಿತು. ಆರೂವರೆಗೆ ಮನೆಯಲ್ಲಿರಬೇಕಾದವನು ಏಳೂವರೆಗೆ ಹುಣಸೂರು ರಸ್ತೆಯಲ್ಲಿ ಇಳಿದೆ. ಇಡೀ ಬಡಾವಣೆ ಕತ್ತಲು. ಕರೆಂಟು ಮಧ್ಯಾಹ್ನ ಮೂರಕ್ಕೇ ಹೋಯಿತೆಂದು ಬೀಡಾ ಅಂಗಡಿಯವನು ಹೇಳಿದ. ನಾನು ಗಾಬರಿಯಾಗಲಿಲ್ಲ. ಬ್ಯಾಟರಿ ಇದೆಯಲ್ಲ ಎಂದುಕೊಂಡೇ ನಡೆದೆ.

ಮನೆ ಇನ್ನೂ ಕಲ್ಲೆಸೆತದಷ್ಟು ದೂರ ಇರುವಾಗ ಅಳು ಕೇಳಿಸಿತು. ದಿನದ ಅಳು ಅಲ್ಲ. ಗಂಟಲು ಒಡೆದು, ದನಿ ಸವೆದು, ಉಸಿರಿಗೂ ಅಳುವಿಗೂ ವ್ಯತ್ಯಾಸ ತಿಳಿಯದಂಥ ಅಳು. ಬಹಳ ಹೊತ್ತಿನಿಂದ ಅಳುತ್ತಿರುವ ಮಗು ಮಾತ್ರ ಹಾಗೆ ಅಳುತ್ತದೆ. ನಾನು ಓಡಿದೆ. ಬಾಗಿಲು ಒಳಗಿನಿಂದ ಅಗುಳಿ ಹಾಕಿತ್ತು. ಎರಡೂ ಕೈಯಿಂದ ಬಡಿದೆ. ಬಡಿಯುತ್ತಲೇ ನೆನಪಾಯಿತು, ಅವಳಿಗೆ ಕೇಳಿಸುವುದಿಲ್ಲ. ಬಾಗಿಲ ಗುಂಡಿ ಒತ್ತಿದರೆ ಒಳಗೆ ದೀಪ ಮಿನುಗುವ ಹಾಗೆ ಮಾಡಿದ್ದೆ. ಗುಂಡಿಯನ್ನು ಒತ್ತಿಯೇ ಒತ್ತಿದೆ. ಕರೆಂಟೇ ಇಲ್ಲ, ದೀಪ ಎಲ್ಲಿಂದ ಮಿನುಗಬೇಕು?

ಅಷ್ಟರಲ್ಲಿ ಅಳು ನಿಂತಿತು.

ಅಳುವಿಗಿಂತ ಹೆಚ್ಚು ಹೆದರಿಸಿದ್ದು ಅದು ನಿಂತದ್ದು. ಮನೆಯನ್ನು ಸುತ್ತಿ ಹಿತ್ತಲಿಗೆ ಓಡಿದೆ. ಕಾಲಿಗೆ ಬಟ್ಟೆ ಒಗೆಯುವ ಕಲ್ಲು ತಾಗಿ ಬಿದ್ದು ಎದ್ದೆ. ಅಡುಗೆಮನೆಯ ಕಿಟಕಿಯ ಸರಳುಗಳನ್ನು ಹಿಡಿದು ಒಳಗೆ ನೋಡಿದೆ. ಲಾಟೀನಿನ ಪಕ್ಕದಲ್ಲಿ ಹೆಂಡತಿ ಈಳಿಗೆಮಣೆಯ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಳು. ನನಗೆ ಬೆನ್ನು, ಕೋಣೆಯ ಕಡೆಗೆ ಮುಖ. ನೋಡನೋಡುತ್ತಿದ್ದಂತೆ ಅವಳು ತಲೆಯೆತ್ತಿ ಕೋಣೆಯ ಗೋಡೆಯನ್ನು ನೋಡಿದಳು. ಅಲ್ಲಿ ಏನೂ ಹೊತ್ತಿರಲಿಲ್ಲ. ಸಮಾಧಾನದಿಂದ ಮತ್ತೆ ತಲೆ ತಗ್ಗಿಸಿ ಹೆಚ್ಚತೊಡಗಿದಳು. ಟ್ಯೂಬು ಕತ್ತಲಾಗಿದ್ದರೆ ಮಗು ಮಲಗಿದೆ ಎಂದು ಅವಳಿಗೆ ಹೇಳಿಕೊಟ್ಟವನು ನಾನೇ.

ನಾನು ಅವಳ ಹೆಸರು ಹಿಡಿದು ಕೂಗಿದೆ. ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಕೂಗಿದೆ. ಟಾರ್ಚಿಗೆಂದು ಚೀಲಕ್ಕೆ ಕೈಹಾಕಿದರೆ ಸಿಕ್ಕಿದ್ದು ಊಟದ ಡಬ್ಬಿ. ಅದರ ಮುಚ್ಚಳ ತೆಗೆದು ಸರಳಿನ ನಡುವೆ ಬೀಸಿ ಎಸೆದೆ. ಅದು ಅವಳ ಮೊಣಕಾಲ ಬಳಿ ಬಿದ್ದು ಉರುಳಿತು. ಅವಳು ತಿರುಗಿದಳು. ಕಿಟಕಿಯಲ್ಲಿ ಅವಳಿಗೆ ಕಂಡದ್ದು ಸರಳು ಹಿಡಿದ ಕೈಗಳು ಮತ್ತು ಬಾಯಿ ತೆರೆದ ಒಂದು ಮುಖ. ಚೀರಿದಳು, ಈಳಿಗೆಮಣೆ ಮಗುಚಿತು. ನಾನೆಂದು ಗುರುತಾಗಲು ಒಂದೆರಡು ಗಳಿಗೆ ಬೇಕಾಯಿತು. ನಾನು ಕೋಣೆಯ ಕಡೆ ಕೈ ತೋರಿಸಿ, ‘ಮಗು, ಮಗು’ ಎಂದು ತುಟಿ ದೊಡ್ಡದಾಗಿ ತೆರೆದು ಹೇಳಿದೆ. ಲಾಟೀನು ಎತ್ತಿಕೊಂಡು ಓಡಿದಳು. ಬಾಗಿಲು ತೆಗೆಯಲು ಬರಲಿಲ್ಲ, ಮಗುವಿನ ಹತ್ತಿರವೇ ಓಡಿದಳು. ಸರಿಯಾದದ್ದನ್ನೇ ಮಾಡಿದಳು. ನಾನು ಮುಂಬಾಗಿಲಿಗೆ ಹೋಗಿ ನಿಂತೆ. ಆ ಬಾಗಿಲ ಹೊರಗೆ ನಿಂತ ಅಷ್ಟು ಹೊತ್ತು, ಬಹುಶಃ ಎರಡು ನಿಮಿಷವೂ ಇರಲಾರದು, ನನಗೆ ಈಗಲೂ ಕನಸಿನಲ್ಲಿ ಬರುತ್ತದೆ.

ಅಗುಳಿ ತೆಗೆದಾಗ ಮಗು ಅವಳ ಹೆಗಲ ಮೇಲಿತ್ತು. ಉಸಿರಾಡುತ್ತಿತ್ತು. ಸೀರೆಯ ಜೋಲಿಯನ್ನು ಅಗಲಿಸಿ ಹಿಡಿಯಲೆಂದು ನಡುವೆ ಸಿಕ್ಕಿಸಿದ್ದ ಕೋಲು, ಮಗು ಒದ್ದಾಡಿದ್ದಕ್ಕೆ ಜಾರಿಬಿದ್ದಿತ್ತು. ಬಟ್ಟೆ ಎರಡೂ ಕಡೆಯಿಂದ ಮುಚ್ಚಿಕೊಂಡು ಮಗುವನ್ನು ಸುತ್ತಿಬಿಟ್ಟಿತ್ತು. ಒಂದು ಕಾಲು ತಿರುಚಿ ಹೊರಗೆ ಸಿಕ್ಕಿಕೊಂಡಿತ್ತಂತೆ, ಮುಖದ ಮೇಲೆಲ್ಲ ಬಟ್ಟೆ. ತಲೆಗೂದಲು ನೀರಿನಲ್ಲಿ ಅದ್ದಿದ ಹಾಗೆ ಬೆವರಿನಿಂದ ಒದ್ದೆ. ಮುಖ ಕೆಂಪೇರಿತ್ತು, ತುಟಿಯ ಅಂಚು ಮಾತ್ರ ಬಣ್ಣ ಕಳೆದುಕೊಂಡಿತ್ತು. ಹೆಂಡತಿ ನೆಲದ ಮೇಲೆ ಕುಸಿದು ಕೂತು ಎದೆಗೆ ಹಾಕಿಕೊಂಡಳು. ಮೊದಲು ಕುಡಿಯಲಿಲ್ಲ, ಬಿಕ್ಕುತ್ತಿತ್ತು. ಆಮೇಲೆ ಕುಡಿಯಿತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಗೋಡೆಯನ್ನು ತೋರಿಸಿ, ‘ಅದ್ಯಾಕೆ ಹತ್ತಲಿಲ್ಲ?’ ಎಂದು ಕೇಳಿದಳು.

ಗೊತ್ತಿಲ್ಲವೆಂದು ತಲೆಯಾಡಿಸಿ, ಈಗ ಸಿಕ್ಕಿದ ಟಾರ್ಚನ್ನು ಹಿಡಿದು ಪೆಟ್ಟಿಗೆಯ ಹತ್ತಿರ ಹೋದೆ. ಲಾಟೀನಿನ ಮಬ್ಬು ಸಾಲದಾಗಿತ್ತೇನೋ, ಟಾರ್ಚಿನ ನೇರ ಬೆಳಕು ಗಾಜಿನ ಮೇಲೆ ಬಿದ್ದದ್ದೇ ತಡ, ಟ್ಯೂಬು ಚಕ್ಕನೆ ಹೊತ್ತಿಕೊಂಡಿತು. ಮಗು ಬಿಕ್ಕಿದಾಗಲೆಲ್ಲ ಕಿತ್ತಳೆ ಬೆಳಕು ಮೇಲಕ್ಕೆ ಹಾರಿ ಕೆಳಕ್ಕಿಳಿಯಿತು. ಆ ಚಂದದ ಬೆಳಕಿಗೆ ನಾನು ಬೆನ್ನು ತಿರುಗಿಸಿದೆ.

ಕಾರಣವನ್ನು ಆಮೇಲೆ ಪರೀಕ್ಷೆ ಮಾಡಿ ಕಂಡುಕೊಂಡೆ. ಇಂಥ ಟ್ಯೂಬುಗಳು ಬೆಳಕಿನಲ್ಲಿ ಸಲೀಸಾಗಿ ಹೊತ್ತಿಕೊಳ್ಳುತ್ತವೆ. ಪೂರ್ತಿ ಕತ್ತಲಲ್ಲಿ, ಬಹಳ ಹೊತ್ತು ಆರಿದ್ದ ಮೇಲೆ, ಹೊತ್ತಿಕೊಳ್ಳಲು ಹಟ ಮಾಡುತ್ತವೆ, ಹೆಚ್ಚು ವೋಲ್ಟು ಕೇಳುತ್ತವೆ. ಅವತ್ತು ನಾಲ್ಕೂವರೆ ಗಂಟೆ ನಡೆದ ಬ್ಯಾಟರಿ ಸೊರಗಿ, ನನ್ನ ಇನ್ನೂರು ವೋಲ್ಟು ನೂರೈವತ್ತರ ಹತ್ತಿರಕ್ಕೆ ಇಳಿದಿತ್ತು. ಬೆಳಕಿನಲ್ಲಿ ಅಷ್ಟು ಸಾಕಾಗುತ್ತಿತ್ತು, ಟಾರ್ಚು ಬಿದ್ದಾಗ ಹೊತ್ತಿಕೊಂಡದ್ದು ಅದಕ್ಕೇ. ನಾನು ಅದನ್ನು ಪರೀಕ್ಷಿಸಿದ್ದೆಲ್ಲ ಹಗಲಿನಲ್ಲಿ, ತುಂಬಿದ ಬ್ಯಾಟರಿಯಲ್ಲಿ.

ಮಗು ಮಲಗಿದ ಮೇಲೆ, ಟಾರ್ಚನ್ನು ಗದ್ದದ ಕೆಳಗೆ ಹಿಡಿದುಕೊಂಡು, ‘ನನ್ನದು ತಪ್ಪಾಯ್ತು’ ಅಂದೆ. ಅವಳು ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ಒಳ್ಳೆಯದಿತ್ತು.

‘ಇದು ಇರ್ದೇ ಇದ್ದಿದ್ರೆ ನಾನು ಗಳಿಗೆಗೊಂದ್ಸಲ ಎದ್ದುಹೋಗಿ ಮುಟ್ಟಿ ನೋಡ್ತಿದ್ದೆ ರೀ. ಇದನ್ನ ನಂಬ್ಕೊಂಡು ಕೂತಿದ್ದೆ’ ಅಂದಳು, ಅಷ್ಟೇ.

ಮಾರನೆಯ ದಿನದಿಂದ ಅವಳು ಆ ಗೋಡೆಯ ಕಡೆ ನೋಡುವುದನ್ನೇ ಬಿಟ್ಟಳು. ಜೋಲಿಯಿಂದ ಒಂದು ದಾರ ತಂದು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದಳು. ಮಗು ಮಿಸುಕಿದರೆ ದಾರ ಎಳೆಯುತ್ತಿತ್ತು. ಅವಳ ಕೈಯ ಮೇಲೆ ಕೆಂಪು ಗೆರೆ ಬಿದ್ದಿತ್ತು. ನನಗೆ ಕಾರ್ಖಾನೆಯಲ್ಲಿ ಕೆಲಸ ಮಾಡಲಾಗುತ್ತಿರಲಿಲ್ಲ. ಮೂರು ಗಂಟೆ ಆಗುತ್ತಿದ್ದಂತೆ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ. ಕಡಕೊಳದಲ್ಲಿ ದೀಪ ಒಮ್ಮೆ ಕಣ್ಣು ಮಿಟುಕಿಸಿದರೂ ಹಿನಕಲ್‌ನಲ್ಲಿ ಕರೆಂಟು ಹೋಯಿತೇನೋ ಎಂದು ಕೈಲಿದ್ದ ಕೆಲಸ ಬಿಡುತ್ತಿದ್ದೆ.

ಹದಿನೈದು ದಿನ ಕಳೆದಿರಬೇಕು. ಊಟಕ್ಕೆ ಬಡಿಸುತ್ತಿದ್ದವಳು ಇದ್ದಕ್ಕಿದ್ದಂತೆ, ‘ಮಗು ಸುಮ್ನಿದ್ದಾಗ ಅದ್ಯಾಕೆ ಪೂರ್ತಿ ಆರ್ಹೋಗ್ಬೇಕು?’ ಎಂದು ಕೇಳಿದಳು.

ನನಗೆ ಅರ್ಥವಾಗಲಿಲ್ಲ.

‘ಬುಡದಲ್ಲಿ ಚೂರು ಯಾವಾಗ್ಲೂ ಹತ್ಕೊಂಡೇ ಇರ್ಲಿ. ಅದು ಇದ್ರೆ ಇದಕ್ಕೆ ಜೀವ ಇದೆ ಅಂತ. ಅದೂ ಆರ್ಹೋದ್ರೆ ನಾನು ಕೈಲಿರೋದೆಲ್ಲ ಬಿಸಾಕಿ ಓಡ್ಬರ್ತೀನಿ.’

ತುತ್ತು ಕೈಯಲ್ಲೇ ಉಳಿಯಿತು. ನಮ್ಮ ಕಾರ್ಖಾನೆಯ ಮೀಟರುಗಳಲ್ಲಿ ಸೊನ್ನೆಯೆಂದರೆ ಕರೆಂಟೇ ಇಲ್ಲವೆಂದಲ್ಲ. ಸೊನ್ನೆಗೂ ನಾಲ್ಕು ಮಿಲಿಆಂಪಿಯರ್ ಹರಿಯುತ್ತಿರಬೇಕು. ಅದೂ ನಿಂತರೆ ತಂತಿ ಕಡಿದಿದೆ ಎಂದು ಅರ್ಥ. ಬಾಯ್ಲರು ಸಿಡಿಯಬಾರದೆಂದು ಮಾಡಿಕೊಂಡ ಏರ್ಪಾಡು ಅದು. ಎಷ್ಟೋ ವರ್ಷದಿಂದ ಆ ನಾಲ್ಕನ್ನು ದಿನವೂ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದವನು ನಾನು. ಬಾಯ್ಲರಿಗೆ ಕೊಟ್ಟ ಬುದ್ಧಿಯನ್ನು ಮಗಳಿಗೆ ಕೊಟ್ಟಿರಲಿಲ್ಲ. ಮೀಟರನ್ನೇ ಮುಟ್ಟಿರದ ಹೆಂಡತಿಗೆ ಅದು ಹೊಳೆದಿತ್ತು.

ಪೆಟ್ಟಿಗೆಯ ಮೊಳೆ ಕಿತ್ತೆ. ಟ್ಯೂಬಿನಲ್ಲಿ ಸದಾ ಚೂರು ಕರೆಂಟು ಹರಿಯುವಂತೆ ಮಾಡಿದೆ. ಒಮ್ಮೆ ಹೊತ್ತಿಕೊಂಡ ಮೇಲೆ ಆರುವುದೇ ಇಲ್ಲವಾದ್ದರಿಂದ, ಕತ್ತಲಲ್ಲಿ ಹೊತ್ತಿಕೊಳ್ಳುವ ಹಟದ ಪ್ರಶ್ನೆಯೇ ಉಳಿಯಲಿಲ್ಲ. ಬ್ಯಾಟರಿ ಸೊರಗಿದರೂ ವೋಲ್ಟು ಇಳಿಯದಂತೆ ತಿದ್ದಿದೆ, ದೊಡ್ಡ ಬ್ಯಾಟರಿ ಹಾಕಿದೆ. ಬಾಗಿಲ ಗುಂಡಿಯ ದೀಪವನ್ನೂ ಅದಕ್ಕೇ ಸೇರಿಸಿದೆ. ಜೋಲಿ ಬಿಚ್ಚಿ ಮರದ ತೊಟ್ಟಿಲು ತಂದೆವು. ಆದರೂ ಅವಳು ದಾರ ಬಿಚ್ಚಲಿಲ್ಲ. ಬಿಚ್ಚು ಎಂದು ಹೇಳುವ ಧೈರ್ಯ ನನಗೂ ಇರಲಿಲ್ಲ. ಮಗಳು ನಡೆಯಲು ಕಲಿತು ತಾನೇ ಅಡುಗೆಮನೆಗೆ ಬಂದು ಸೆರಗು ಎಳೆಯುವವರೆಗೂ ಬುಡದ ಕಿತ್ತಳೆ ಚುಕ್ಕಿ ಗೋಡೆಯಲ್ಲಿ ಉರಿಯುತ್ತಲೇ ಇತ್ತು. ಹೆಂಡತಿ ಅದನ್ನು ನೋಡುತ್ತಿದ್ದಳೋ ಇಲ್ಲವೋ ನಾನು ಕೇಳಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮಗ ಹುಟ್ಟಿದ. ಪೆಟ್ಟಿಗೆಯನ್ನು ನಾನು ಅಟ್ಟದ ಮೇಲೆ ಹಾಕಿದ್ದೆ, ಅದರ ಮಾತೆತ್ತುವ ಯೋಚನೆಯೂ ಇರಲಿಲ್ಲ. ಒಂದು ದಿನ ಅವಳೇ ಕೆಳಗಿಳಿಸಿ ಧೂಳು ಒರೆಸಿ ನನ್ನ ಮುಂದಿಟ್ಟಳು. ಹಳೆಯ ಟ್ಯೂಬಿನ ಒಳಗೋಡೆ ಕಪ್ಪಾಗಿತ್ತು. ಉಳಿದ ಎರಡರಲ್ಲಿ ಒಂದನ್ನು ಹಾಕಿದೆ. ಪ್ರತಿ ತಂತಿಯನ್ನೂ ಎರಡೆರಡು ಸಲ ಬೆಸೆದೆ.

‘ಕೊಡಿ ಇಲ್ಲಿ. ಈ ಸಲ ಪರೀಕ್ಷೆ ನಾನು ಮಾಡ್ತೀನಿ’ ಅಂದಳು.

ಭಾನುವಾರ ಬೆಳಿಗ್ಗೆಯೇ ಮೇನ್ ಸ್ವಿಚ್ ಆರಿಸಿದಳು. ಕಿಟಕಿಗಳಿಗೆ ಕಂಬಳಿ ಕಟ್ಟಿ ಕೋಣೆಯನ್ನು ಗವಿಯಂತೆ ಮಾಡಿದಳು. ಬ್ಯಾಟರಿಯೊಂದರ ಮೇಲೇ ಅದು ನಡೆಯಬೇಕು. ಅರ್ಧ ಗಂಟೆಗೊಮ್ಮೆ ಒಳಗೆ ಹೋಗಿ ತೊಟ್ಟಿಲ ಮೇಲೆ ಚಪ್ಪಾಳೆ ತಟ್ಟಿ, ಬೆಳಕು ಎಷ್ಟೆತ್ತರ ಹಾರಿತೆಂದು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಳು. ನಡುವೆ ಒಮ್ಮೆ ಬೇಕೆಂದೇ ಬ್ಯಾಟರಿಯ ತಂತಿ ಕಿತ್ತು, ಬುಡದ ಚುಕ್ಕಿ ಆರುವುದು ಅಡುಗೆಮನೆಯಿಂದ ಕಾಣುತ್ತದೆಯೇ ಎಂದು ನೋಡಿ ಬಂದಳು. ನಾನು ಮಗನನ್ನು ಎತ್ತಿಕೊಂಡು ಅಂಗಳದಲ್ಲಿ ಓಡಾಡುತ್ತಿದ್ದೆ. ಒಳಗೆ ಹೋಗಲು ನನಗೆ ಆಗಲಿಲ್ಲ.

ಸಂಜೆ ಆರಕ್ಕೆ ಹೊರಗೆ ಬಂದಳು. ಬೆವರು ಒರೆಸಿಕೊಂಡು, ನನ್ನ ಮುಖ ನೋಡಿ, ‘ಗೋಡೆಗೆ ತಗ್ಲಾಕಿ’ ಅಂದಳು. ‘ಆದ್ರೆ ನಾನು ಹೋಗಿ ಮುಟ್ಟಿ ನೋಡೋದು ನೋಡೇ ನೋಡ್ತೀನಿ. ಅದು ಅದರ ಪಾಡಿಗೆ ಇರ್ಲಿ, ನಾನು ನನ್ನ ಪಾಡಿಗೆ.’

ತಗಲುಹಾಕಿದೆ. ಒಂದೂವರೆ ವರ್ಷ ಅದು ನಡೆಯಿತು. ಒಂದೇ ಒಂದು ಸಲ ಬುಡದ ಚುಕ್ಕಿ ಆರಿತ್ತಂತೆ, ಬ್ಯಾಟರಿಯ ತಂತಿಗೆ ಕಿಲುಬು ಹಿಡಿದು. ನಾನು ಮನೆಗೆ ಬಂದಾಗ ಅವಳು ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಒಂದು ಕೈಯಲ್ಲಿ ಉಪ್ಪುಕಾಗದ ಹಿಡಿದು ಆ ತಂತಿಯನ್ನು ಉಜ್ಜುತ್ತಿದ್ದಳು. ಎಷ್ಟು ಹೊತ್ತಿನ ಮೇಲೆ ನೋಡಿದೆ ಎಂದು ಕೇಳಿದೆ. ‘ಆರಿದ್ ಕೂಡ್ಲೆ’ ಅಂದಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಚಪ್ಪಲಿಯನ್ನೂ ಬಿಚ್ಚದೆ ಮಗನಿಗಾಗಿ ಕೈ ಚಾಚಿದೆ.